ಆಕಸ್ಮಿಕವೆಂಬ ಮಾತಿಗೆ ಅಂಜಿದವನಿಗೆ

ಚಿರಂಜೀವಿಗೆ ದೊಡ್ಡಪ್ಪನ ಆಶೀರ್ವಾದಗಳು.

ಉಳಿದ ಸುದ್ದಿಯೆಲ್ಲ ನಿನ್ನ ತಂದೆಯಿಂದ ತಿಳಿದಿದೆ, ಅದನ್ನು ಇಲ್ಲಿ ಎತ್ತುವುದಿಲ್ಲ. ಆದರೆ ನಿನ್ನ ಪತ್ರದ ಕೊನೆಯ ಪುಟದಲ್ಲಿ, "ವಿಶ್ವವೇ ಆಕಸ್ಮಿಕವಾದರೆ ನಾನು ಯಾರಿಗೂ ಬೇಕಾಗಿ ಹುಟ್ಟಿದವನಲ್ಲ" ಎಂದು ಬರೆದಿದ್ದೀಯಲ್ಲ, ಆ ಸಾಲಿನಿಂದ ನನ್ನ ಮನಸ್ಸು ಕಲಕಿದೆ.

ಸೃಷ್ಟಿಕರ್ತ, ಇಲ್ಲವೇ ಆಕಸ್ಮಿಕ ಎಂದು ನೀನು ಎರಡೇ ದಾರಿಗಳನ್ನು ಇಟ್ಟುಕೊಂಡಿದ್ದೀಯೆ. ನಮ್ಮ ನಾಡಿನಲ್ಲಿ ಮೂರನೆಯದೂ ಇತ್ತು. ಒಂಬತ್ತನೆಯ ಶತಮಾನದಲ್ಲಿ ರಾಷ್ಟ್ರಕೂಟ ದೊರೆ ಅಮೋಘವರ್ಷನಿಗೆ ಗುರುವಾಗಿದ್ದ ಜೈನ ಮುನಿ ಜಿನಸೇನಾಚಾರ್ಯರು, ಲೋಕವನ್ನು ದೇವರು ಸೃಷ್ಟಿಸಿದನೆನ್ನುವವರನ್ನು, ಸೃಷ್ಟಿಗೆ ಮೊದಲು ಅವನು ಎಲ್ಲಿದ್ದ, ಯಾವ ಸಾಮಗ್ರಿಯಿಂದ ಮಾಡಿದ ಎಂದು ತಮ್ಮ ಮಹಾಪುರಾಣದಲ್ಲಿ ಕೇಳಿದರು. ಹಾಗೆಂದು ಲೋಕ ಆಕಸ್ಮಿಕವೆನ್ನಲಿಲ್ಲ, ಅನಾದಿ ಎಂದರು. ಕರ್ತನಿಲ್ಲದ ಆ ಲೋಕದಲ್ಲಿ ಜೀವದ ಬೆಲೆ ತಗ್ಗಲಿಲ್ಲ. ಇರುವೆಯನ್ನೂ ತುಳಿಯಬಾರದೆಂದು ನೆಲ ನೋಡಿ ನಡೆದವರು ಆ ಜೈನ ಮುನಿಗಳೇ ಅಲ್ಲವೇ?

ನೀನು ಓದುವ ಶಾಸ್ತ್ರದಲ್ಲಿ, ವಿಶ್ವ ಹಿಗ್ಗುತ್ತಿದೆಯೆಂದು 1927ರಲ್ಲಿ ಪ್ರತಿಪಾದಿಸಿದ ಬೆಲ್ಜಿಯಂನ ವಿಜ್ಞಾನಿ ಲೆಮೈತ್ರ್ ಸ್ವತಃ ಪಾದ್ರಿ. ಆದರೂ 1951ರಲ್ಲಿ ಪೋಪ್ ಹನ್ನೆರಡನೆಯ ಪಿಯುಸ್ ಆ ವಿಜ್ಞಾನದಲ್ಲಿ ಸೃಷ್ಟಿಕರ್ತನಿಗೆ ಸಾಕ್ಷ್ಯ ಕಂಡಾಗ, ಅದು ಹಿಡಿಸದೆ ಹೋದದ್ದು ಆ ಪಾದ್ರಿಗೇ. ಸುಮಾರು 1380 ಕೋಟಿ ವರ್ಷಗಳ ಹಿಂದೆ ವಿಶ್ವ ಅತ್ಯಂತ ಬಿಸಿಯಾಗಿ, ದಟ್ಟವಾಗಿ ಇತ್ತೆಂಬುದಕ್ಕೆ, ಆಕಾಶದ ಎಲ್ಲ ದಿಕ್ಕಿನಿಂದಲೂ ಬರುವ, 1965ರಲ್ಲಿ ಗುರುತಿಸಿದ ಮೈಕ್ರೋವೇವ್ ವಿಕಿರಣ ಸಾಕ್ಷಿ. ಯಾರಿಗೆ ಯಾರು ಬೇಕು ಎಂಬುದನ್ನು ಅದು ಹೇಳುವುದಿಲ್ಲ. "ಯಾರಿಗೂ ಬೇಕಾಗಿಲ್ಲ" ಎಂಬ ನಿನ್ನ ಮಾತು ಆ ವಿಕಿರಣದಿಂದ ಬಂದದ್ದಲ್ಲ ಮಗೂ, ಬೇರೆಲ್ಲಿಂದಲೋ ಬಂದಿದೆ ಎಂಬುದೇ ನನ್ನ ಭಯ.

ನಿನ್ನ ಅಜ್ಜ ಋಗ್ವೇದದ ನಾಸದೀಯ ಸೂಕ್ತವನ್ನು ಸ್ವರ ತಪ್ಪದೆ ಹೇಳುತ್ತಿದ್ದರು. ಈ ಸೃಷ್ಟಿ ಎಲ್ಲಿಂದ ಬಂತೆಂಬುದನ್ನು ಪರಮ ವ್ಯೋಮದಲ್ಲಿರುವ ಅಧ್ಯಕ್ಷನು ಬಲ್ಲನು, ಅಥವಾ ಅವನೂ ಅರಿಯನೋ ಎಂದು ಅದು ಮುಗಿಯುತ್ತದೆ. ಅಷ್ಟು ಹೇಳಿ ಅವರು ನಿಶ್ಚಿಂತೆಯಿಂದ ಎಲೆಯ ಮುಂದೆ ಕೂರುತ್ತಿದ್ದರು. ಆ ಕೊನೆಯ ಮಾತು ಎಂದಾದರೂ ಅವರ ನಿದ್ದೆ ಕೆಡಿಸಿತೇ ಎಂದು ಕೇಳಬೇಕೆಂಬ ಆಸೆ ನನಗಿತ್ತು. ಆದರೆ ತಂದೆಯೆದುರು ಕುಳಿತು ಅಂಥದ್ದನ್ನು ಕೇಳುವ ರೂಢಿ ನಮ್ಮ ಮನೆಯಲ್ಲಿರಲಿಲ್ಲ, ಆಮೇಲೆ ಅವರೇ ಉಳಿಯಲಿಲ್ಲ. ಈ ಕೊರಗು ಈಗಲೂ ಇದೆ. ನೀನು ಬರೆದಾದರೂ ಹೇಳಿದೆ, ಒಳ್ಳೆಯದಾಯಿತು.

ಸಂಧ್ಯಾವಂದನೆ ಬಿಟ್ಟದ್ದಕ್ಕೆ ನನ್ನ ಆಕ್ಷೇಪವಿಲ್ಲ. ಮನಸ್ಸೊಪ್ಪದೆ ಮಾಡು ಎನ್ನಲು ನಾನು ಯಾರು? ರಾತ್ರಿಯೂಟ ಮಾತ್ರ ಬಿಡಬೇಡ. ವಿಶ್ವದ ಪ್ರಶ್ನೆಗೆ ದೊಡ್ಡಪ್ಪ ಅನ್ನ ಸಾರಿನ ಉತ್ತರ ಕೊಟ್ಟನೆಂದು ನಗುವುದಾದರೆ ನಗು. ಬೇಡವಾದವನೆಂಬ ಯೋಚನೆ ದಿನವೂ ಬರುತ್ತಿದ್ದರೆ ವೈದ್ಯರನ್ನು ಕಾಣುವುದರಲ್ಲಿ ಸಂಕೋಚವೇನೂ ಇಲ್ಲ ಎಂದು ನನಗನಿಸುತ್ತದೆ. ನಿನಗೆ ಅಡ್ಡಿಯಿಲ್ಲವಾದರೆ ಒಂದೆರಡು ದಿನ ಬಂದು ನಿನ್ನ ಕೋಣೆಯಲ್ಲೇ ಇರುತ್ತೇನೆ. ವಾದ ಮಾಡಲು ಖಂಡಿತ ಬರುವುದಿಲ್ಲ. ಆ ಸಾಲು ಬರೆದ ದಿನ ಏನು ನಡೆದಿತ್ತೆಂಬುದನ್ನು ಮುಂದಿನ ಪತ್ರದಲ್ಲಿ ಬರೆ.

ಇಂತಿ,
ನಿನ್ನ ದೊಡ್ಡಪ್ಪ