ಸ್ಟೈಪೆಂಡ್ ಸಹಿತ ಹೋಟೆಲ್ ಡಿಪ್ಲೊಮಾ: ಮೊದಲು ಕರಾರು ತೋರಿಸಲಿ

ಮಾನ್ಯ ಸಂಪಾದಕರೇ,

ದ್ವಿತೀಯ ಪಿಯುಸಿ ಫಲಿತಾಂಶ ಬಂದದ್ದೇ ತಡ, ಪತ್ರಿಕೆಗಳ ಶಿಕ್ಷಣ ಪುಟಗಳಲ್ಲಿ ‘ಕಲಿಯುತ್ತಲೇ ಗಳಿಸಿ’ ಎನ್ನುವ ಹೋಟೆಲ್ ಮ್ಯಾನೇಜ್‌ಮೆಂಟ್ ಜಾಹೀರಾತುಗಳು ಸಾಲುಗಟ್ಟುತ್ತವೆ. ಅವುಗಳಲ್ಲಿ ಕೋರ್ಸಿನ ಅವಧಿ ಇರುತ್ತದೆ, ಕೋಟು ತೊಟ್ಟ ಹುಡುಗ ಹುಡುಗಿಯರ ಫೋಟೊ ಇರುತ್ತದೆ, ‘ನೂರಕ್ಕೆ ನೂರು ಪ್ಲೇಸ್‌ಮೆಂಟ್’ ಅಂತೂ ಇದ್ದೇ ಇರುತ್ತದೆ. ಆ ಗಳಿಕೆಯನ್ನು ಯಾರು ಕೊಡುತ್ತಾರೆ, ಯಾವ ಕಾನೂನಿನ ಕೆಳಗೆ ಕೊಡುತ್ತಾರೆ, ಕೊಡದೇ ಹೋದರೆ ಯಾರ ಬಾಗಿಲು ತಟ್ಟಬೇಕು ಎನ್ನುವುದು ಮಾತ್ರ ಎಲ್ಲೂ ಕಾಣುವುದಿಲ್ಲ. ಈ ವಿಷಯ ಕಲಿಸುವ ಕೆಲವರು ಸೇರಿ, ಪೋಷಕರಿಗೆ ಉಪಯೋಗವಾಗಲೆಂದು ಇದನ್ನು ಬರೆಯುತ್ತಿದ್ದೇವೆ.

ಹೋಟೆಲಿನೊಳಗೆ ‘ಟ್ರೈನಿ’ ಎಂಬ ಒಂದೇ ಬ್ಯಾಡ್ಜ್ ಹಾಕಿಕೊಂಡು ಓಡಾಡುವವರಲ್ಲಿ ಎರಡು ಬಗೆ. ಪಠ್ಯಕ್ರಮದ ಭಾಗವಾಗಿ ‘ಇಂಡಸ್ಟ್ರಿಯಲ್ ಟ್ರೈನಿಂಗ್’ಗೆ ಬಂದವರು ಒಂದು ಬಗೆ. ಎನ್‌ಸಿಎಚ್‌ಎಂಸಿಟಿ ಎಂಬ ಹೋಟೆಲ್ ಶಿಕ್ಷಣದ ರಾಷ್ಟ್ರೀಯ ಮಂಡಳಿಯ ಒಂದೂವರೆ ವರ್ಷದ ಡಿಪ್ಲೊಮಾಗಳನ್ನೇ ನೋಡಿ: ಫುಡ್ ಪ್ರೊಡಕ್ಷನ್, ಫುಡ್ ಅಂಡ್ ಬೆವರೇಜ್ ಸರ್ವಿಸ್, ಫ್ರಂಟ್ ಆಫೀಸ್, ಹೌಸ್‌ಕೀಪಿಂಗ್ ಹೀಗೆ. ಎರಡು ಸೆಮಿಸ್ಟರ್ ತರಗತಿ, ಆಮೇಲೆ 24 ವಾರ ಹೋಟೆಲ್. ಈ ಬಗೆಯ ತರಬೇತಿಯಲ್ಲಿ ಸ್ಟೈಪೆಂಡ್ ಹೋಟೆಲಿನ ಮರ್ಜಿ. ಸಂಸ್ಥೆಗೂ ಹೋಟೆಲಿಗೂ ನಡುವೆ ಒಂದು ಪತ್ರ ಇರುತ್ತದೆ, ಅದರಲ್ಲಿ ಏನಿದೆಯೋ ಅಷ್ಟೇ. ಊಟ ಮತ್ತು ಯೂನಿಫಾರ್ಮ್ ಒಗೆತ ಬಿಟ್ಟರೆ ಬಿಡಿಗಾಸೂ ಇಲ್ಲದ ಪತ್ರಗಳೂ ಇವೆ.

ಎರಡನೆಯವರು 1961ರ ಅಪ್ರೆಂಟಿಸ್ ಕಾಯ್ದೆಯಡಿ ಕರಾರು ಮಾಡಿಕೊಂಡವರು. ಇವರ ಕರಾರು ಸರ್ಕಾರಿ ಪೋರ್ಟಲ್‌ನಲ್ಲಿ ನೋಂದಣಿ ಆಗಿರುತ್ತದೆ. ಕನಿಷ್ಠ ಸ್ಟೈಪೆಂಡ್ ಎಷ್ಟೆಂದು ನಿಯಮವೇ ಹೇಳುತ್ತದೆ. 2019ರ ತಿದ್ದುಪಡಿಯಂತೆ ಡಿಪ್ಲೊಮಾ ಓದುತ್ತಲೇ ಸ್ಯಾಂಡ್‌ವಿಚ್ ಮಾದರಿಯಲ್ಲಿ (ಓದಿನ ನಡುನಡುವೆ ಕೆಲಸ) ತರಬೇತಿ ಪಡೆಯುವವರಿಗೆ ತಿಂಗಳಿಗೆ 7,000 ರೂಪಾಯಿ, ಡಿಪ್ಲೊಮಾ ಮುಗಿಸಿ ಬಂದವರಿಗೆ 8,000, ಪದವೀಧರರಿಗೆ 9,000. ತರಬೇತಿ ಎರಡನೇ ವರ್ಷಕ್ಕೆ ಮುಂದುವರಿದರೆ ಇದಕ್ಕೆ ಶೇ 10 ಸೇರಬೇಕು. ಈ ದರಗಳನ್ನು ಶೇ 36ರಷ್ಟು ಏರಿಸಬೇಕೆಂದು ಕೇಂದ್ರ ಅಪ್ರೆಂಟಿಸ್‌ಶಿಪ್ ಮಂಡಳಿ 2025ರ ಮೇ ತಿಂಗಳಲ್ಲಿ ಶಿಫಾರಸು ಮಾಡಿದೆ. ಹಾಗಾಗಿ ಸಹಿ ಹಾಕುವ ದಿನ ಪೋರ್ಟಲ್‌ನಲ್ಲಿ ಯಾವ ದರ ಇದೆ ಎಂದು ನೋಡಿಕೊಂಡೇ ಸಹಿ ಹಾಕುವುದು ಕ್ಷೇಮ.

ಆದ್ದರಿಂದ ದಾಖಲಾತಿ ಕೌಂಟರಿನಲ್ಲಿ ‘ಸ್ಟೈಪೆಂಡ್ ಎಷ್ಟು?’ ಎಂದು ಕೇಳಿ ಪ್ರಯೋಜನ ಇಲ್ಲ. ‘ಹೋದ ವರ್ಷದ ವಿದ್ಯಾರ್ಥಿಗಳ ಅಪ್ರೆಂಟಿಸ್ ಕರಾರು ನೋಂದಣಿ ಆಗಿತ್ತೇ? ಒಂದು ಪ್ರತಿ ತೋರಿಸಿ’ ಎಂದು ಕೇಳಬೇಕು. ತೋರಿಸಿದರೆ ಮಾತು ಮುಂದುವರಿಯಲಿ. ‘ಅದೆಲ್ಲ ಹೋಟೆಲ್‌ನವರು ನೋಡಿಕೊಳ್ಳುತ್ತಾರೆ’ ಎಂಬ ಉತ್ತರ ಬಂದರೆ ನಿಮ್ಮ ಮಗ ಅಥವಾ ಮಗಳು ಮೊದಲನೇ ಬಗೆಯ ಟ್ರೈನಿ ಎಂದೇ ತಿಳಿಯಿರಿ. ಅದೇನೂ ಅಪರಾಧವಲ್ಲ, ಒಳ್ಳೆಯ ಸಂಸ್ಥೆಗಳೂ ಹಾಗೆಯೇ ಕಳಿಸುತ್ತವೆ. ಆದರೆ ಅದಕ್ಕೆ ‘ಸಂಬಳ ಸಹಿತ’ ಎಂಬ ಹಣೆಪಟ್ಟಿ ಹಚ್ಚಿ ಫೀಸು ಹೆಚ್ಚಿಸುವುದು ಸರಿಯಲ್ಲ.

ಹೋಟೆಲಿನ ಕಡೆಯಿಂದಲೂ ಇದನ್ನು ಪರೀಕ್ಷಿಸಬಹುದು. 30 ಅಥವಾ ಹೆಚ್ಚು ಜನ ಕೆಲಸ ಮಾಡುವ ಸಂಸ್ಥೆ ತನ್ನ ಸಿಬ್ಬಂದಿಯ ಶೇ 2.5ರಿಂದ 15ರಷ್ಟು ಅಪ್ರೆಂಟಿಸ್‌ಗಳನ್ನು ತೆಗೆದುಕೊಳ್ಳಬೇಕು. ಗುತ್ತಿಗೆಯವರೂ ಈ ಲೆಕ್ಕದಲ್ಲಿ ಸೇರುತ್ತಾರೆ. 120 ಜನರಿರುವ ಹೋಟೆಲಿಗೆ ಇದು 3ರಿಂದ 18 ಜನ. ಅಲ್ಲಿ 40 ಟ್ರೈನಿಗಳು ಓಡಾಡುತ್ತಿದ್ದರೆ, ಕಡಿಮೆ ಎಂದರೂ 22 ಮಂದಿಗೆ ಈ ಕರಾರು ಇರಲು ಸಾಧ್ಯವಿಲ್ಲ. ಅಷ್ಟೂ ಜನ ಖಾಲಿ ಹುದ್ದೆ ತುಂಬುತ್ತಿದ್ದಾರೆ ಎಂದು ಅನುಮಾನಿಸಬೇಕಾಗುತ್ತದೆ.

ಕರಾರು ಇದ್ದರೆ ಸಿಗುವುದು ಹಣ ಮಾತ್ರವಲ್ಲ. ಅಪ್ರೆಂಟಿಸ್ ಸಲಹೆಗಾರರ (ಈ ಕಾಯ್ದೆಯ ಜಾರಿ ನೋಡಿಕೊಳ್ಳುವ ಸರ್ಕಾರಿ ಅಧಿಕಾರಿ) ಅನುಮತಿ ಇಲ್ಲದೆ ಓವರ್‌ಟೈಮ್ ಮಾಡಿಸುವಂತಿಲ್ಲ. ‘ಇಷ್ಟು ರೂಮಿಗೆ ಇಷ್ಟು’ ಎಂದು ಎಣಿಕೆಯ ಮೇಲೆ ಕೊಡುವಂತಿಲ್ಲ. ಸ್ಟೈಪೆಂಡ್ ಮುಂದಿನ ತಿಂಗಳ 10ನೇ ತಾರೀಖಿನೊಳಗೆ ಬರಬೇಕು. ಕೆಲಸದಲ್ಲಿ ಗಾಯವಾದರೆ ಪರಿಹಾರದ ಹೊಣೆ ಮಾಲೀಕರದು. ಇನ್ನೊಂದು ಕಡೆ, ಕಾಯ್ದೆಯ ಕಣ್ಣಿನಲ್ಲಿ ಅಪ್ರೆಂಟಿಸ್ ತರಬೇತಿ ಪಡೆಯುವವನೇ ಹೊರತು ಕಾರ್ಮಿಕನಲ್ಲ. ಪಿಎಫ್, ಇಎಸ್‌ಐ ಇರುವುದಿಲ್ಲ, ತರಬೇತಿ ಮುಗಿದ ಮೇಲೆ ಅಲ್ಲೇ ಕೆಲಸ ಕೊಡಬೇಕೆಂಬ ಕಡ್ಡಾಯವೂ ಇಲ್ಲ. ಇಎಸ್‌ಐ ಇಲ್ಲದಿರುವುದರಿಂದ ಅಪಘಾತ ವಿಮೆ ಯಾರು ಮಾಡಿಸಿದ್ದಾರೆ ಎಂದು ಮೊದಲೇ ಕೇಳಿ. ಅಡುಗೆಮನೆಯಲ್ಲಿ ಚಾಕು, ಕಾದ ಎಣ್ಣೆ, ಜಾರುವ ನೆಲ, ಹೌಸ್‌ಕೀಪಿಂಗಿನಲ್ಲಿ ರಾಸಾಯನಿಕ. ಆರ್-6 ಎಂದು ಕರೆಯುವ ಟಾಯ್ಲೆಟ್ ಕ್ಲೀನರ್ ಆಮ್ಲೀಯ. ಬೇಗ ಬಿಳುಪಾಗಲೆಂದು ಅದಕ್ಕೆ ಬ್ಲೀಚ್ ಬೆರೆಸಿದರೆ ಏಳುವುದು ಕ್ಲೋರಿನ್ ಅನಿಲ. ಕಿಟಕಿ ಇಲ್ಲದ ಬಾತ್‌ರೂಮಿನಲ್ಲಿ ಇದು ಆಸ್ಪತ್ರೆಗೆ ದಾರಿ. ಮೊದಲ ದಿನದ ಇಂಡಕ್ಷನ್‌ನಲ್ಲಿ ಇದನ್ನು ಹೇಳದ ಹೋಟೆಲ್ ತರಬೇತಿ ಕೊಡುತ್ತಿಲ್ಲ.

ಹಣ ಬರುವ ದಾರಿಯಲ್ಲಿ ಸಿಕ್ಕಿಕೊಳ್ಳುವ ಮುಳ್ಳು ಸಾಮಾನ್ಯವಾಗಿ ಸಣ್ಣದು. ಅಪ್ರೆಂಟಿಸ್ ತರಬೇತಿಗೆ ಕೇಂದ್ರದ ಎರಡು ಯೋಜನೆಗಳಿವೆ: ನ್ಯಾಟ್ಸ್ ಯೋಜನೆಯಲ್ಲಿ ಕನಿಷ್ಠ ಸ್ಟೈಪೆಂಡಿನ ಅರ್ಧವನ್ನೂ, ನ್ಯಾಪ್ಸ್‌ನಲ್ಲಿ ಶೇ 25ನ್ನು (ಗರಿಷ್ಠ 1,500 ರೂಪಾಯಿ) ಕೇಂದ್ರ ಭರಿಸುತ್ತದೆ. ಆ ಪಾಲು ನೇರವಾಗಿ ಖಾತೆಗೆ ಬರಬೇಕಾದರೆ ಖಾತೆಗೆ ಆಧಾರ್ ಜೋಡಣೆ ಆಗಿರಬೇಕು. ನಮ್ಮ ಮಕ್ಕಳ ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ ಹೆಸರಿನ ಮುಂದೆ ಒಂದು ಇನಿಷಿಯಲ್, ಆಧಾರ್‌ನಲ್ಲಿ ಅಪ್ಪನ ಪೂರ್ತಿ ಹೆಸರು, ಬ್ಯಾಂಕಿನಲ್ಲಿ ಊರಿನ ಹೆಸರೂ ಸೇರಿದ ಮೂರನೆಯ ರೂಪ. ಇವು ತಾಳೆಯಾಗದೆ ಪಾವತಿ ನಿಂತುಬಿಡುತ್ತದೆ. ತರಬೇತಿಗೆ ಹೊರಡುವ ಎರಡು ತಿಂಗಳ ಮೊದಲೇ ಇದನ್ನು ಸರಿಮಾಡಿಸಿ. ಇನ್ನು, ಸ್ಟೈಪೆಂಡನ್ನು ಹೋಟೆಲಿನವರು ಶಿಕ್ಷಣ ಸಂಸ್ಥೆಗೆ ಕೊಟ್ಟು, ಸಂಸ್ಥೆ ಅದನ್ನು ಬಾಕಿ ಫೀಸಿಗೆ ವಜಾ ಹಾಕಿಕೊಳ್ಳುವ ವ್ಯವಸ್ಥೆ ಕಂಡರೆ ದೂರ ಇರಿ. ಹಣ ವಿದ್ಯಾರ್ಥಿಯ ಖಾತೆಗೇ ಬೀಳಬೇಕು.

7,000 ರೂಪಾಯಿ ಎಂದರೆ ಎಷ್ಟು? ತಿಂಗಳಿಗೆ 26 ದಿನ, ದಿನಕ್ಕೆ 8 ಗಂಟೆಯಾದರೆ 208 ಗಂಟೆ. ಗಂಟೆಗೆ 33 ರೂಪಾಯಿ ಚಿಲ್ಲರೆ. ಮದುವೆ ಸೀಸನ್‌ನಲ್ಲಿ ಬ್ಯಾಂಕ್ವೆಟ್ ಹಾಲಿಗೆ ಹಾಕಿ ದಿನಕ್ಕೆ 12 ಗಂಟೆ ದುಡಿಸಿದರೆ ಅದು 22 ರೂಪಾಯಿಗೆ ಇಳಿಯುತ್ತದೆ. ಬೆಂಗಳೂರಿನ ಎಷ್ಟೋ ಪಿಜಿಗಳ ಬಾಡಿಗೆಗೇ ಇದು ಸಾಲದು. ಹೋಟೆಲ್ ವಸತಿ ಕೊಡುತ್ತದೆಯೇ, ಕೊಟ್ಟರೆ ಮುಂಗಡ ಎಷ್ಟು, ರಾತ್ರಿ 12ಕ್ಕೆ ಶಿಫ್ಟ್ ಮುಗಿದರೆ ಗಾಡಿ ಇದೆಯೇ, ಇವನ್ನು ಸ್ಟೈಪೆಂಡಿಗಿಂತ ಮೊದಲು ವಿಚಾರಿಸಬೇಕು. ಬ್ರೇಕ್ ಶಿಫ್ಟ್ ಇದ್ದರಂತೂ (ಬೆಳಿಗ್ಗೆ 11ರಿಂದ 3, ಮತ್ತೆ ಸಂಜೆ 7ರಿಂದ 11) ವಸತಿ ಹತ್ತಿರ ಇರಲೇಬೇಕು. ಇಲ್ಲವಾದರೆ ನಡುವಿನ ನಾಲ್ಕು ಗಂಟೆ ಬಸ್ಸಿನಲ್ಲೇ ಕಳೆದುಹೋಗುತ್ತದೆ, ಹಾಜರಾತಿ ಕುಸಿಯುವುದೂ ಅಲ್ಲಿಂದಲೇ.

ಹಣಕ್ಕಿಂತ ದೊಡ್ಡ ಮೋಸ ಕಲಿಕೆಯಲ್ಲಿ ಆಗುತ್ತದೆ. ಸಾಮಾನ್ಯ ಹೋಟೆಲ್ ನಿರ್ವಹಣೆಯ ಡಿಪ್ಲೊಮಾದವರಿಗೆ 24 ವಾರಗಳನ್ನು ನಾವು ಹೀಗೆ ಹಂಚುತ್ತೇವೆ: ಅಡುಗೆಮನೆ 6, ಸರ್ವಿಸ್ 6, ಹೌಸ್‌ಕೀಪಿಂಗ್ 5, ಫ್ರಂಟ್ ಆಫೀಸ್ 5, ಸ್ಟೋರ್ ಮತ್ತು ಅಕೌಂಟ್ಸ್ 2. ಹೋಟೆಲಿಗೆ ಅನುಕೂಲವಾದದ್ದು ಬೇರೆ. ಬ್ಯಾಂಕ್ವೆಟ್‌ಗೆ ಜನ ಬೇಕು, ರೂಮುಗಳಿಗೆ ಜನ ಬೇಕು. ಒಂದು ಶಿಫ್ಟಿಗೆ 14ರಿಂದ 16 ರೂಮು ಮಾಡುವುದು ನುರಿತ ರೂಮ್ ಅಟೆಂಡೆಂಟ್‌ನ ಕೆಲಸ. ಎರಡನೇ ವಾರದ ಟ್ರೈನಿಗೆ ಒಬ್ಬನಿಗೇ 16 ರೂಮಿನ ಪಟ್ಟಿ ಕೊಟ್ಟರೆ ಅದು ತರಬೇತಿಯ ಹೆಸರಿನಲ್ಲಿ ಕೂಲಿ. ಕೊನೆಗೆ ತಪ್ಪಿಹೋಗುವುದು ಯಾವಾಗಲೂ ಆ ಕಡೆಯ ಎರಡು ವಾರ, ಸ್ಟೋರ್ ಮತ್ತು ಅಕೌಂಟ್ಸ್. ಡಿಪ್ಲೊಮಾದ ಹೆಸರಿನಲ್ಲಿರುವ ‘ನಿರ್ವಹಣೆ’ ಇರುವುದೇ ಅಲ್ಲಿ.

ಒಂದು ಉದಾಹರಣೆ ನೋಡಿ. ತಿಂಗಳ ಆರಂಭದಲ್ಲಿ ಅಡುಗೆ ಸಾಮಗ್ರಿಯ ದಾಸ್ತಾನು 1,20,000 ರೂಪಾಯಿ, ಖರೀದಿ 4,80,000, ಕೊನೆಯಲ್ಲಿ ಉಳಿದದ್ದು 90,000. ಬಳಕೆ 5,10,000. ಆಹಾರ ಮಾರಾಟ 15 ಲಕ್ಷವಾದರೆ ಫುಡ್ ಕಾಸ್ಟ್ (ಮಾರಾಟದಲ್ಲಿ ಸಾಮಗ್ರಿ ಖರ್ಚಿನ ಪಾಲು) ಶೇ 34. ಆದರೆ ಸಿಬ್ಬಂದಿ ಊಟಕ್ಕೆ ಹೋದ 30,000 ಕಳೆಯದೆ ಈ ಲೆಕ್ಕ ಹಾಕುವಂತಿಲ್ಲ. ಕಳೆದರೆ ಶೇ 32. ಈ ಎರಡು ಶೇಕಡಾ ಅಂಶಗಳ ವ್ಯತ್ಯಾಸ ಗೊತ್ತಿಲ್ಲದ ಹೊಸ ಮ್ಯಾನೇಜರ್ ಅಡುಗೆಯವರ ಮೇಲೆ ಕಳ್ಳತನದ ಗುಮಾನಿ ಪಡುತ್ತಾನೆ. ಫ್ರಂಟ್ ಆಫೀಸಿನದೂ ಹಾಗೆಯೇ. 80 ರೂಮಿನ ಹೋಟೆಲಿನಲ್ಲಿ ಸರಾಸರಿ 4,500 ರೂಪಾಯಿಗೆ 56 ರೂಮು ಹೋದರೆ ಆದಾಯ 2,52,000. ದರವನ್ನು 3,900ಕ್ಕೆ ಇಳಿಸಿ 64 ರೂಮು ತುಂಬಿಸಿದರೆ 2,49,600. ರೂಮು ಹೆಚ್ಚು ತುಂಬಿತು, ದುಡ್ಡು ಕಡಿಮೆ ಬಂತು. ಮೇಲಿಂದ ಎಂಟು ರೂಮಿನ ಲಾಂಡ್ರಿ, ಸೋಪು, ವಿದ್ಯುತ್ ಬೇರೆ. ಇದನ್ನು ಪುಸ್ತಕದಲ್ಲಿ ಓದುವುದಕ್ಕೂ ದಿನದ ಲೆಕ್ಕವನ್ನು ರಾತ್ರಿ ಮುಗಿಸುವ ನೈಟ್ ಆಡಿಟರ್ ಪಕ್ಕದಲ್ಲಿ ಒಂದು ವಾರ ಕೂತು ನೋಡುವುದಕ್ಕೂ ತುಂಬ ಅಂತರ ಇದೆ. ವಿಭಾಗವಾರು ವಾರಗಳ ಪಟ್ಟಿಯನ್ನು ತರಬೇತಿ ಪತ್ರದಲ್ಲೇ ಬರೆಸಿಕೊಳ್ಳಬೇಕು ಎನ್ನುವುದು ಇದಕ್ಕೇ.

ಲಾಗ್ ಬುಕ್‌ಗೆ ದಿನದಿನವೂ ಮೇಲ್ವಿಚಾರಕರ ಸಹಿ ಆಗಬೇಕು. ಕೊನೆಯ ವಾರ ಒಟ್ಟಿಗೆ ಹಾಕಿಸಲು ಹೋದರೆ ಆ ಮೇಲ್ವಿಚಾರಕರು ಬೇರೆ ಹೋಟೆಲಿಗೆ ಹೋಗಿಬಿಟ್ಟಿರುತ್ತಾರೆ. ಈ ಉದ್ಯಮದಲ್ಲಿ ಅದು ತೀರಾ ಸಾಮಾನ್ಯ. ತರಬೇತಿ ಪ್ರಮಾಣಪತ್ರದಲ್ಲಿ ಆರಂಭ ಮತ್ತು ಮುಕ್ತಾಯದ ದಿನಾಂಕ, ವಿಭಾಗಗಳು, ರಜೆಯ ದಿನಗಳು ಇರಲಿ. ನಡುವೆ ಬಿಟ್ಟುಬಂದರೆ ಮತ್ತೆ ಮೊದಲಿನಿಂದ ಮಾಡಬೇಕಾಗಬಹುದು, ಡಿಪ್ಲೊಮಾ ಒಂದು ಸೆಮಿಸ್ಟರ್ ಹಿಂದೆ ಬೀಳುತ್ತದೆ. ಹಾಗಾಗಿ ತೊಂದರೆ ಇದ್ದರೆ ಬಿಡುವ ಮೊದಲು ಸಂಸ್ಥೆಯ ತರಬೇತಿ ಸಂಯೋಜಕರಿಗೆ ಲಿಖಿತವಾಗಿ ತಿಳಿಸಿ. ಫೋನಿನಲ್ಲಿ ಹೇಳಿದ್ದು ಲೆಕ್ಕಕ್ಕೆ ಬರುವುದಿಲ್ಲ.

ವಿದೇಶದ ಡಿಪ್ಲೊಮಾಗಳ ಬಗ್ಗೆಯೂ ಎರಡು ಮಾತು, ಏಕೆಂದರೆ ಏಜೆಂಟರು ಈಗ ಜಿಲ್ಲಾ ಕೇಂದ್ರಗಳಿಗೂ ಬಂದಿದ್ದಾರೆ. ಕೆನಡಾದಲ್ಲಿ ‘ಕೋ-ಆಪ್’ (ಓದಿನ ಭಾಗವಾಗಿ ಮಾಡುವ ದುಡಿಮೆ) ಇರುವ ಹಾಸ್ಪಿಟಾಲಿಟಿ ಡಿಪ್ಲೊಮಾವನ್ನು ತುಂಬ ಹುರುಪಿನಿಂದ ಮಾರುತ್ತಾರೆ. 2024ರ ನವೆಂಬರ್ 1ರಂದು ಅಥವಾ ನಂತರ ಸ್ಟಡಿ ಪರ್ಮಿಟ್‌ಗೆ ಅರ್ಜಿ ಹಾಕಿದವರಲ್ಲಿ ಕಾಲೇಜು ಡಿಪ್ಲೊಮಾದವರಿಗೆ ಓದಿನ ನಂತರದ ವರ್ಕ್ ಪರ್ಮಿಟ್ ಸಿಗಬೇಕಾದರೆ ಸರ್ಕಾರ ಪಟ್ಟಿ ಮಾಡಿದ ವಿಷಯಗಳಲ್ಲೇ ಓದಿರಬೇಕು. ಆರೋಗ್ಯ, ಕೃಷಿ, ತಂತ್ರಜ್ಞಾನ, ಕುಶಲಕರ್ಮ, ಸಾರಿಗೆ ಮುಂತಾದವು. ಹೋಟೆಲ್ ನಿರ್ವಹಣೆ ಅದರಲ್ಲಿಲ್ಲ. ಕೋ-ಆಪ್ ದುಡಿಮೆ ಓದಿನ ಅವಧಿಯೊಳಗೆ ಮುಗಿಯುತ್ತದೆ, ಅದಾದ ಮೇಲೆ ಉಳಿಯುವುದು ಓದಿಗಾಗಿ ಮಾಡಿದ ಸಾಲ ಮಾತ್ರ. ಸ್ವಿಟ್ಜರ್‌ಲೆಂಡ್‌ನಲ್ಲಿ ಇಂಟರ್ನ್‌ಗೂ ಉದ್ಯಮದ ಸಾಮೂಹಿಕ ಒಪ್ಪಂದದ ಪ್ರಕಾರ ಕನಿಷ್ಠ ವೇತನ ಇದೆ, ಆದರೆ ವಸತಿ ಮತ್ತು ಮೂರು ಹೊತ್ತಿನ ಊಟ ಹೋಟೆಲಿನದಾದರೆ ತಿಂಗಳಿಗೆ 990 ಫ್ರಾಂಕ್ ಮುರಿದುಕೊಳ್ಳುತ್ತಾರೆ, ಫೀಸು ದೊಡ್ಡದು. ಜರ್ಮನಿಯ ಮೂರು ವರ್ಷದ ‘ಆಸ್‌ಬಿಲ್ಡುಂಗ್’ (ಕೆಲಸದ ಜೊತೆಗೆ ವೃತ್ತಿ ಶಾಲೆಯ ಪಾಠ) ಇವೆರಡಕ್ಕಿಂತ ಪ್ರಾಮಾಣಿಕ ವ್ಯವಸ್ಥೆ ಎನ್ನುವುದು ನಮ್ಮ ಅಭಿಪ್ರಾಯ. ಬೋಧನಾ ಶುಲ್ಕ ಇಲ್ಲ, ಕರಾರು ವಾಣಿಜ್ಯ ಮಂಡಳಿಯಲ್ಲಿ ನೋಂದಣಿ ಆಗುತ್ತದೆ, 2025ರಲ್ಲಿ ಆರಂಭಿಸಿದವರಿಗೆ ಮೊದಲ ವರ್ಷ ತಿಂಗಳಿಗೆ ಕನಿಷ್ಠ 682 ಯೂರೊ. ದುಬಾರಿ ಬೆಲೆ ಅಲ್ಲಿ ಭಾಷೆಯದು. ಬಿ1 (ಮಧ್ಯಮ) ಮಟ್ಟದ ಜರ್ಮನ್ ಬಾರದೆ ಹೋದರೆ ವೃತ್ತಿ ಶಾಲೆಯ ಪಾಠ ತಲೆಗೆ ಹತ್ತುವುದಿಲ್ಲ, ಪರೀಕ್ಷೆಯಲ್ಲಿ ಬೀಳುತ್ತಾರೆ. ನಾಲ್ಕು ತಿಂಗಳವರೆಗಿನ ಪ್ರೊಬೇಷನ್‌ನಲ್ಲಿ ಯಾವ ಕಡೆಯವರಾದರೂ ನೋಟಿಸ್ ಇಲ್ಲದೆ ಕರಾರು ಮುರಿಯಬಹುದು.

ಸರ್ಕಾರಕ್ಕೂ ಉದ್ಯಮಕ್ಕೂ ನಮ್ಮ ಬೇಡಿಕೆ ದೊಡ್ಡದೇನಲ್ಲ. ರಾಜ್ಯದ ಕೌಶಲ್ಯಾಭಿವೃದ್ಧಿ ಇಲಾಖೆ ಪ್ರತಿ ವರ್ಷ ದಾಖಲಾತಿಗೆ ಮುನ್ನ, ಹೋಟೆಲ್ ಡಿಪ್ಲೊಮಾ ನಡೆಸುವ ಸಂಸ್ಥೆಗಳ ಪಟ್ಟಿಯನ್ನು ಕನ್ನಡದಲ್ಲಿ ಪ್ರಕಟಿಸಲಿ: ಪ್ರಮಾಣಪತ್ರ ಕೊಡುವವರು ಯಾರು (ರಾಷ್ಟ್ರೀಯ ಮಂಡಳಿಯೋ, ವಿಶ್ವವಿದ್ಯಾಲಯವೋ, ಎನ್‌ಸಿವಿಇಟಿ ಎಂಬ ವೃತ್ತಿ ಶಿಕ್ಷಣ ಮಂಡಳಿಯ ಮಾನ್ಯತೆ ಪಡೆದ ಸಂಸ್ಥೆಯೋ, ಅಥವಾ ಕಾಲೇಜು ತಾನೇ ಅಚ್ಚು ಹಾಕಿಸಿದ್ದೋ), ಹಿಂದಿನ ವರ್ಷ ನೋಂದಣಿಯಾದ ಅಪ್ರೆಂಟಿಸ್ ಕರಾರು ಎಷ್ಟು, ಪೂರ್ತಿ ಮುಗಿಸಿದವರು ಎಷ್ಟು. ಹೋಟೆಲ್ ಮಾಲೀಕರ ಸಂಘಗಳು ಟ್ರೈನಿಗಳ ಡ್ಯೂಟಿ ರೋಸ್ಟರನ್ನು ಸಂಸ್ಥೆಗೆ ವಾರಕ್ಕೊಮ್ಮೆ ಕಳಿಸುವ ಪದ್ಧತಿಯನ್ನು ಸದಸ್ಯರಿಗೆ ಸೂಚಿಸಲಿ. ಸಣ್ಣ ಊರುಗಳ ಲಾಡ್ಜ್, ರೆಸ್ಟೋರೆಂಟ್‌ಗಳಿಗೂ ಇದರಲ್ಲಿ ಜಾಗ ಇದೆ: 4ರಿಂದ 29 ಜನರಿರುವ ಕಡೆ ಅಪ್ರೆಂಟಿಸ್ ತೆಗೆದುಕೊಳ್ಳುವುದು ಐಚ್ಛಿಕ, ತೆಗೆದುಕೊಂಡರೆ ಸರ್ಕಾರದ ಪಾಲು ಅಲ್ಲಿಗೂ ಬರುತ್ತದೆ. ತಮ್ಮ ಪತ್ರಿಕೆಯೂ ‘ಕಲಿಯುತ್ತಲೇ ಗಳಿಸಿ’ ಜಾಹೀರಾತು ಸ್ವೀಕರಿಸುವಾಗ, ಆ ಗಳಿಕೆ ಸಂಸ್ಥೆಯ ಒಪ್ಪಂದದ್ದೋ ಕಾಯ್ದೆಯ ಕರಾರಿನದೋ ಎಂದು ಒಂದು ಸಾಲಿನಲ್ಲಿ ನಮೂದಿಸುವಂತೆ ಜಾಹೀರಾತುದಾರರನ್ನು ಕೇಳಬಹುದೇ?

ಇಂತಿ,
ಹೋಟೆಲ್ ನಿರ್ವಹಣೆ ವಿಷಯದ ಬೋಧಕರು
ಮಂಗಳೂರು