ಬಿಡದಿಗೆ ಇನ್ನು ಶನಿವಾರ ರಾತ್ರಿಯ ಬಸ್ಸು ಇಲ್ಲ

ಉಡುಪಿ ಮತ್ತು ಮಂಗಳೂರಿನ ನಮ್ಮ ಗ್ರಾಹಕರಿಗೆ, ಸಹಕಾರಿಯ ಸದಸ್ಯರಿಗೆ ನಮಸ್ಕಾರ.

ಶನಿವಾರ ರಾತ್ರಿ ಹೊರಟು ಸೋಮವಾರ ಬೆಳಗಿನ ಜಾವ ಊರು ಮುಟ್ಟುತ್ತಿದ್ದ, ಬೆಂಗಳೂರಿನ ಹತ್ತಿರದ ಬಿಡದಿಯ ವಂಡರ್‌ಲಾ ಮನರಂಜನಾ ಪಾರ್ಕಿನ ಪ್ರವಾಸವನ್ನು ನಿಲ್ಲಿಸುತ್ತಿದ್ದೇವೆ. ಅದರ ಬದಲಿಗೆ ಬರುವ ಅಕ್ಟೋಬರ್‌ನಿಂದ ಮಂಗಳವಾರ ಬೆಳಿಗ್ಗೆ ಹೊರಟು, ಒಂದು ರಾತ್ರಿ ಅಲ್ಲೇ ತಂಗಿ, ಗುರುವಾರ ಬೆಳಿಗ್ಗೆ ಮರಳುವ ಪ್ರವಾಸ ಇರುತ್ತದೆ. ಪಾರ್ಕಿನ ಟಿಕೆಟ್ ಇನ್ನು ಪ್ಯಾಕೇಜಿನಲ್ಲಿ ಸೇರಿರುವುದಿಲ್ಲ. ಸೀಟಿಗೆ ಒಂದು ಬಿಲ್ಲು, ಟಿಕೆಟಿಗೆ ಬೇರೆ ಬಿಲ್ಲು. ಕೇರಳದ ಕಣ್ಣೂರು ಕಡೆಯ ಪರಶ್ಶಿನಿಕಡವಿನ ವಿಸ್ಮಯ ಪಾರ್ಕಿಗೆ ಒಂದು ದಿನದ ಪ್ರವಾಸವನ್ನೂ ಹೊಸದಾಗಿ ಶುರು ಮಾಡುತ್ತಿದ್ದೇವೆ.

"ಇಷ್ಟು ದುಡ್ಡು ಸುರಿದು ಹೋಗುವುದರಲ್ಲಿ ಅರ್ಥ ಉಂಟಾ?" ಎಂದು ಬುಕಿಂಗಿಗೆ ಬಂದವರು ಕೇಳುತ್ತಾರೆ. ಕೇಳಲೇಬೇಕಾದ ಪ್ರಶ್ನೆ. ಇದಕ್ಕೆ ಟಿಕೆಟಿನ ದರವೊಂದನ್ನೇ ನೋಡಿ ಉತ್ತರ ಹೇಳಲು ಬರುವುದಿಲ್ಲ. ಗೇಟಿನ ಒಳಗೆ ಎಷ್ಟು ಗಂಟೆ ಸಿಗುತ್ತದೆ, ಅಷ್ಟರಲ್ಲಿ ಎಷ್ಟು ಸಲ ರೈಡ್ ಹತ್ತಲು ಆಗುತ್ತದೆ ಎಂಬುದನ್ನು ಲೆಕ್ಕ ಹಾಕಬೇಕು. ನಮ್ಮ ಶನಿವಾರದ ಬಸ್ಸು ಆ ಲೆಕ್ಕದಲ್ಲಿ ನಿಮಗೆ ನಷ್ಟದ್ದೇ ಆಗಿತ್ತು.

ಒಂದು ದೊಡ್ಡ ರೈಡ್ ತೆಗೆದುಕೊಳ್ಳಿ. 24 ಸೀಟು, ಜನರನ್ನು ಹತ್ತಿಸಿ, ಒಬ್ಬೊಬ್ಬರ ಬೆಲ್ಟ್ ಎಳೆದು ನೋಡಿ, ಓಡಿಸಿ, ಇಳಿಸುವುದಕ್ಕೆ ಒಟ್ಟು 4 ನಿಮಿಷ ಎಂದಿಟ್ಟುಕೊಳ್ಳೋಣ. ಗಂಟೆಗೆ 15 ಸುತ್ತು, 360 ಜನ. ನಿಮ್ಮ ಮುಂದೆ 300 ಜನ ನಿಂತಿದ್ದರೆ 50 ನಿಮಿಷ ಕಾಯಬೇಕು, 60 ಜನ ಇದ್ದರೆ ಹತ್ತೇ ನಿಮಿಷ. ಬೆಲ್ಟ್ ತಪಾಸಣೆಯನ್ನು ಅವಸರ ಮಾಡಲು ಬರುವುದಿಲ್ಲ, ಮಾಡಲೂಬಾರದು. ಎಷ್ಟೇ ಜನ ಬಂದರೂ ರೈಡ್ ಹೊರುವುದು ಅಷ್ಟೇ ಮಂದಿಯನ್ನು. ಇದರ ಮೇಲೆ, ನಾಲ್ವರೂ ಒಟ್ಟಿಗೇ ಕೂರಬೇಕು ಎಂದು ಹಟ ಹಿಡಿಯುವ ಗುಂಪುಗಳಿಂದ ಪ್ರತಿ ಸುತ್ತಿನಲ್ಲಿ ನಾಲ್ಕು ಸೀಟು ಖಾಲಿ ಹೋದರೂ 360 ಎಂಬುದು 300ಕ್ಕೆ ಇಳಿಯುತ್ತದೆ. ಇಬ್ಬಿಬ್ಬರಾಗಿ ಹತ್ತಲು ಸಿದ್ಧರಿದ್ದರೆ ನಿಮಗೂ ಬೇಗ, ಹಿಂದೆ ನಿಂತವರಿಗೂ ಬೇಗ.

ಈಗ ಒಂದು ಸಂಸಾರದ ಲೆಕ್ಕ. ತಂದೆ, ತಾಯಿ, 145 ಸೆಂ.ಮೀ. ಎತ್ತರದ ಮಗ, 120 ಸೆಂ.ಮೀ. ಎತ್ತರದ ಮಗಳು. ದರಗಳು ದಿನದಿನಕ್ಕೆ ಬದಲಾಗುವುದರಿಂದ ಇವು ಲೆಕ್ಕಕ್ಕೆ ಹಿಡಿದ ಅಂಕಿಗಳು: ವಾರದ ದಿನ ಪೂರ್ಣ ಟಿಕೆಟ್ 1,500 ರೂ., ಮಕ್ಕಳ ಟಿಕೆಟ್ 1,200 ರೂ. ಎತ್ತರದಿಂದಾಗಿ ಮಗನದೂ ಸೇರಿ ಮೂರು ಪೂರ್ಣ, ಒಂದು ಮಕ್ಕಳದ್ದು, ಒಟ್ಟು 5,700 ರೂ. ಹೊರಗಿನ ಊಟ ಒಳಗೆ ಬಿಡುವುದಿಲ್ಲವಾದ್ದರಿಂದ ಊಟಕ್ಕೆ 1,200, ನೀರು ತಿಂಡಿಗೆ 500, ಲಾಕರಿಗೆ 200. ನಮ್ಮ ಹೊಸ ಪ್ರವಾಸದ ಸೀಟು, ರಾತ್ರಿಯ ರೂಮೂ ಸೇರಿ, ತಲಾ 1,850, ನಾಲ್ವರಿಗೆ 7,400. ಒಟ್ಟು 15,000 ರೂ. ಹೋಗಿಬರುವ ದಾರಿಯ ಊಟ ಇದರಲ್ಲಿಲ್ಲ.

ಬೆಳಿಗ್ಗೆ 11ರಿಂದ ಸಂಜೆ 6ರವರೆಗೆ ಏಳು ಗಂಟೆ. ಊಟಕ್ಕೆ ಒಂದು ಗಂಟೆ, ಬಟ್ಟೆ ಬದಲಿಸಿ ಲಾಕರ್ ನೋಡಿಕೊಳ್ಳಲು ಮುಕ್ಕಾಲು ಗಂಟೆ ಹೋದರೆ ಉಳಿಯುವುದು 315 ನಿಮಿಷ. ಭಾನುವಾರ ಸರಾಸರಿ 40 ನಿಮಿಷ ಕ್ಯೂ, 5 ನಿಮಿಷ ರೈಡ್ ಎಂದರೆ ಇಡೀ ದಿನಕ್ಕೆ 7 ರೈಡ್. ಜನ ಕಡಿಮೆ ಇರುವ ದಿನ ನಡಿಗೆ, ಕ್ಯೂ, ರೈಡ್ ಎಲ್ಲ ಸೇರಿ 20 ನಿಮಿಷ ಎಂದರೆ 15 ರೈಡ್. ಹಳೆಯ ಪ್ರವಾಸದಲ್ಲಿ ಸೀಟಿಗೆ 1,350 ರೂ. ಇತ್ತು, ಭಾನುವಾರದ ಟಿಕೆಟಿಗೆ ತಲಾ 200 ರೂ. ಹೆಚ್ಚು ಎಂದು ಹಿಡಿದರೂ ಅದೇ ಸಂಸಾರಕ್ಕೆ 13,800 ರೂ. ಆಗುತ್ತಿತ್ತು. ಅದನ್ನು ನಾಲ್ವರ 28 ರೈಡ್‌ಗಳಿಗೆ ಹಂಚಿದರೆ ಒಂದಕ್ಕೆ ಸುಮಾರು 490 ರೂ. ಹೊಸ ಪ್ರವಾಸದ 15,000ವನ್ನು 60 ರೈಡ್‌ಗಳಿಗೆ ಹಂಚಿದರೆ 250 ರೂ. ಮಗಳು ಎಲ್ಲದಕ್ಕೂ ಹತ್ತುವುದಿಲ್ಲ, ಹಾಗಾಗಿ ರೈಡ್‌ಗಳ ನಿಜವಾದ ಸಂಖ್ಯೆ ಎರಡೂ ಕಡೆ ಇದಕ್ಕಿಂತ ಕಡಿಮೆ. ಒಂದಕ್ಕೆ ಸುಮಾರು ಎರಡು ಎಂಬ ಅನುಪಾತ ಮಾತ್ರ ಹಾಗೆಯೇ ಇರುತ್ತದೆ. ಭಾನುವಾರ ಒಂದು ಗಂಟೆ ಹೆಚ್ಚಿಗೆ ತೆರೆದಿಟ್ಟರೂ ನಿಮಗೆ ಸಿಗುವುದು ಇನ್ನೊಂದೇ ರೈಡ್.

ಬೇಗ ಸಾಗುವ ಕ್ಯೂವಿನ ಟಿಕೆಟನ್ನು ಸಾಮಾನ್ಯ ಟಿಕೆಟಿನ ಸುಮಾರು ಎರಡು ಪಟ್ಟು ದರಕ್ಕೆ ಮಾರುತ್ತಾರೆ. ವಾರದ ದಿನ ಅದು ಬೇಡ. ಇದು ನಮ್ಮ ದೇಶದಲ್ಲಿ ಹುಟ್ಟಿದ ಪದ್ಧತಿಯೂ ಅಲ್ಲ. ಅಮೆರಿಕದ ಡಿಸ್ನಿ ಪಾರ್ಕುಗಳು 2016ರಲ್ಲಿ ದಿನಕ್ಕೆ ತಕ್ಕ ದರ ತಂದವು. 1999ರಿಂದ ಪುಕ್ಕಟೆ ಇದ್ದ ಫಾಸ್ಟ್‌ಪಾಸ್ (ಬೇಗ ಸಾಗುವ ಕ್ಯೂವಿನ ಚೀಟಿ) ಹೋಗಿ 2021ರಲ್ಲಿ ದುಡ್ಡು ಕೊಟ್ಟು ಪಡೆಯುವ ವ್ಯವಸ್ಥೆ ಬಂತು. ಜನ ಹೆಚ್ಚಾದಷ್ಟೂ ಕಾಯುವಿಕೆ ಹೆಚ್ಚುತ್ತದೆ, ಅದನ್ನು ತಪ್ಪಿಸುವುದೇ ಒಂದು ಸರಕಾಗುತ್ತದೆ. ಈ ವಿಷಯ ತಿಳಿದವರು ದಿನವನ್ನು ಬದಲಿಸಿಕೊಂಡರೆ ಸಾಕು.

ದರ ಏರಿಕೆಯಲ್ಲಿ ನಮ್ಮ ಪಾಲು ಎಷ್ಟು ಎಂಬುದನ್ನೂ ಹೇಳಬೇಕು. ಉಡುಪಿಯಿಂದ ಬಿಡದಿಗೆ ಹೋಗಿಬರಲು ಸುಮಾರು 830 ಕಿ.ಮೀ. ದೊಡ್ಡ ಬಸ್ಸು ಲೀಟರಿಗೆ 4 ಕಿ.ಮೀ. ಕೊಟ್ಟರೆ 208 ಲೀಟರ್ ಡೀಸೆಲ್. ರಾಜ್ಯದಲ್ಲಿ 2024ರ ಜೂನ್‌ನಲ್ಲಿ ತೆರಿಗೆ ಏರಿ ಲೀಟರಿಗೆ ಸುಮಾರು 3 ರೂ., 2025ರ ಏಪ್ರಿಲ್‌ನಲ್ಲಿ 2 ರೂ. ಹೆಚ್ಚಾಯಿತು. ಎರಡೂ ಸೇರಿ ಇಡೀ ಬಸ್ಸಿಗೆ 1,040 ರೂ.; 45 ಸೀಟು ತುಂಬಿದರೆ ತಲಾ 23 ರೂ. ಆದ್ದರಿಂದ "ಡೀಸೆಲ್ ಏರಿತು" ಎಂದು ನೂರಿನ್ನೂರು ರೂ. ಏರಿಸುವುದು ನ್ಯಾಯವಲ್ಲ, ನಾವು ಹಾಗೆ ಮಾಡುವುದಿಲ್ಲ. ಸೀಟಿನ ದರವನ್ನು ಏರಿಸುವುದು ಖಾಲಿ ಸೀಟು. ಅದೇ ಬಸ್ಸಿನಲ್ಲಿ 30 ಮಂದಿ ಇದ್ದರೆ ಬಾಡಿಗೆ, ಟೋಲ್, ಚಾಲಕರ ಬಾಟಾ ಎಲ್ಲವೂ ಪ್ರತಿಯೊಬ್ಬರ ಮೇಲೆ ಒಂದೂವರೆ ಪಟ್ಟು ಬೀಳುತ್ತದೆ. ಈ ಬಾರಿ ಸೀಟಿಗೆ ಹೆಚ್ಚಾದ 500 ರೂ. ರಾತ್ರಿಯ ರೂಮಿನದು.

ಪಾರ್ಕಿನವರ ಖರ್ಚೂ ಸಣ್ಣದಲ್ಲ. ಗೇಟು ತೆರೆಯುವ ಮೊದಲು ಪ್ರತಿ ರೈಡನ್ನು ಖಾಲಿ ಓಡಿಸಿ ನೋಡಬೇಕು, ಕೊಳಗಳ ನೀರನ್ನು ದಿನವಿಡೀ ಮರಳು ಫಿಲ್ಟರಿನಲ್ಲಿ ಹಾಯಿಸಿ ಕ್ಲೋರಿನ್ ಅಳೆಯುತ್ತಲೇ ಇರಬೇಕು. ಟಿಕೆಟಿನ ಮೇಲೆ ಜಿಎಸ್‌ಟಿ 2017ರಲ್ಲಿ ಶೇ. 28 ಇದ್ದುದು 2018ರ ಜನವರಿ 25ರಿಂದ ಶೇ. 18ಕ್ಕೆ ಇಳಿಯಿತು. ತೆರಿಗೆ ಸೇರಿದ 5,700 ರೂ. ಟಿಕೆಟಿನಲ್ಲಿ ಸುಮಾರು 870 ರೂ. ಅದೇ ಆಗುತ್ತದೆ.

ಮಕ್ಕಳ ವಿಷಯದಲ್ಲಿ ವಯಸ್ಸು ನೋಡಬೇಡಿ, ಎತ್ತರ ನೋಡಿ. ಬುಕಿಂಗಿನ ಮೊದಲು ಚಪ್ಪಲಿ ತೆಗೆಸಿ, ಹಿಮ್ಮಡಿ ಗೋಡೆಗೆ ತಾಗಿಸಿ ನಿಲ್ಲಿಸಿ, ತಲೆಯ ಮೇಲೆ ಪುಸ್ತಕ ಅಡ್ಡ ಇಟ್ಟು ಗುರುತು ಹಾಕಿ ಅಳೆಯಿರಿ. ದೊಡ್ಡ ರೈಡ್‌ಗಳಿಗೆ ಸಾಮಾನ್ಯವಾಗಿ 140 ಸೆಂ.ಮೀ. ಬೇಕು. 137–138 ಇರುವ ಮಗುವನ್ನು ಕರೆದುಕೊಂಡು ಹೋದರೆ ಅಣ್ಣ ಹತ್ತುವುದನ್ನು ಕೆಳಗೆ ನಿಂತು ನೋಡಿ ಅಳುತ್ತದೆ. ಒಂದು ವರ್ಷ ತಡೆಯಿರಿ. ಮನೆಯ ಚಿಕ್ಕ ಮಗುವೂ 140 ದಾಟಿದ ಮೇಲೆ ಒಮ್ಮೆ ಬಿಡದಿಗೆ ಹೋಗುವುದು ಖರ್ಚಿಗೆ ತಕ್ಕದ್ದು ಎಂಬುದು ನಮ್ಮ ಖಚಿತ ಅಭಿಪ್ರಾಯ. ಪ್ರತಿವರ್ಷ ಹೋಗುವಂಥದ್ದು ಅಲ್ಲ. ಅಜ್ಜ ಅಜ್ಜಿಯರನ್ನು, ಗರ್ಭಿಣಿಯರನ್ನು, ಹೃದಯದ ತೊಂದರೆ ಅಥವಾ ಬೆನ್ನುನೋವು ಇರುವವರನ್ನು ಟಿಕೆಟ್ ಕೊಟ್ಟು ಒಳಗೆ ಕೂರಿಸುವುದರಲ್ಲಿ ಅರ್ಥವಿಲ್ಲ.

ಹೊಸ ಪ್ರವಾಸದ ಕ್ರಮ ಹೀಗೆ. ಮಂಗಳವಾರ ಬೆಳಿಗ್ಗೆ 7ಕ್ಕೆ ಉಡುಪಿ, 8.30ಕ್ಕೆ ಮಂಗಳೂರು, ಶಿರಾಡಿ ಘಾಟಿ ಹಗಲಿನಲ್ಲೇ ಹತ್ತಿ, ಮಧ್ಯಾಹ್ನದ ಊಟ ಹಾಸನದಲ್ಲಿ. ನೆಲಮಂಗಲದಿಂದ ನೈಸ್ ರಸ್ತೆ ಹಿಡಿದು ಸಂಜೆ 6ರ ಹೊತ್ತಿಗೆ ಬಿಡದಿಯ ಕಡೆ ತಂಗುವುದು. ಬುಧವಾರ 10.30ಕ್ಕೆ ಗೇಟಿನ ಮುಂದೆ ಇರುತ್ತೇವೆ. ಹಳೆಯ ಪ್ರವಾಸದಲ್ಲಿ ಬಸ್ಸು ಬೆಳಿಗ್ಗೆ 7ಕ್ಕೇ ತಲುಪಿ, ಮಕ್ಕಳು ನಿದ್ದೆಗೆಟ್ಟ ಕಣ್ಣಿನಲ್ಲಿ ನಾಲ್ಕು ಗಂಟೆ ಕಾಯಬೇಕಿತ್ತು. ಮಧ್ಯಾಹ್ನ ಮೂರಕ್ಕೆಲ್ಲ ಸೋತು ಬೆಂಚಿನ ಮೇಲೆ ಮಲಗುತ್ತಿದ್ದರು. ಹೊಸ ಪ್ರವಾಸದಲ್ಲಿ ಬುಧವಾರ ರಾತ್ರಿ 7ಕ್ಕೆ ಹೊರಟರೆ ಗುರುವಾರ ಬೆಳಗಿನ ಜಾವ 4.30ಕ್ಕೆ ಮಂಗಳೂರು, 6ಕ್ಕೆ ಉಡುಪಿ. ಇಬ್ಬರು ಚಾಲಕರು ಇರುತ್ತಾರೆ. ಬುಧವಾರ ಹಗಲು ಅವರಿಗೂ ರೂಮು ಉಂಟು, ಮಲಗಿಯೇ ರಾತ್ರಿ ಸ್ಟಿಯರಿಂಗ್ ಹಿಡಿಯುತ್ತಾರೆ. ಯಾರೂ ಒಂದೇ ಸಮನೆ ಐದು ಗಂಟೆಗಿಂತ ಹೆಚ್ಚು ಓಡಿಸುವುದಿಲ್ಲ.

ಜೂನ್‌ನಿಂದ ಸೆಪ್ಟೆಂಬರ್ ಕೊನೆಯವರೆಗೆ ಈ ಬಸ್ಸು ಇಲ್ಲ. 2024ರ ಜುಲೈಯಲ್ಲಿ ಶಿರಾಡಿ ದಾರಿಯಲ್ಲಿ ಸಕಲೇಶಪುರದ ದೊಡ್ಡತಪ್ಲು ಬಳಿ ಗುಡ್ಡ ಕುಸಿದದ್ದು ಎಲ್ಲರಿಗೂ ನೆನಪಿದೆ. 2018ರ ಆಗಸ್ಟ್‌ನಲ್ಲಿ ಜೋಡುಪಾಲದ ಬಳಿ ಮಡಿಕೇರಿ ದಾರಿಯೂ ಕಟ್ಟಿತ್ತು. ಚಾರ್ಮಾಡಿಯ ತಿರುವುಗಳು ಉದ್ದ ಬಸ್ಸಿಗೆ ಆಗುವಂಥವಲ್ಲ. ಮಳೆಗಾಲದಲ್ಲಿ ಮುಂಗಡ ಪಡೆದು ಕೊನೆ ಗಳಿಗೆಯಲ್ಲಿ ಕೈ ಚೆಲ್ಲುವುದಕ್ಕಿಂತ ಬುಕಿಂಗನ್ನೇ ತೆರೆಯದಿರುವುದು ಒಳ್ಳೆಯದು.

ಯಾವ ವಾರ ಆರಿಸಬೇಕು? ದಸರಾ ರಜೆ ಮತ್ತು ಮೇ ತಿಂಗಳ ವಾರದ ದಿನಗಳು ಭಾನುವಾರಕ್ಕಿಂತ ಮೇಲು, ಅಷ್ಟೇ. ಇಡೀ ರಾಜ್ಯಕ್ಕೆ ಆಗ ರಜೆ. ಡಿಸೆಂಬರ್‌ನಲ್ಲಿ ಶಾಲಾ ಪ್ರವಾಸದ ಬಸ್ಸುಗಳೇ ತುಂಬಿರುತ್ತವೆ. ಯುವಕ ಮಂಡಲ, ಕಚೇರಿಯ ಗುಂಪು, ಕಾಲೇಜಿನವರು ನವೆಂಬರ್, ಜನವರಿ, ಫೆಬ್ರವರಿ ಆರಿಸಿಕೊಳ್ಳಿ. ಕಾಲೇಜಿನವರು ಐಡಿ ಕಾರ್ಡಿನ ಅಸಲನ್ನೇ ತನ್ನಿ, ರಿಯಾಯಿತಿಗೆ ಫೋಟೊ ಸಾಲದು. ಏಪ್ರಿಲ್–ಮೇ ತಿಂಗಳಲ್ಲಿ ಬಯಲುಸೀಮೆಯಲ್ಲಿ ಮಧ್ಯಾಹ್ನದ ನಂತರ ಗುಡುಗು ಮಳೆ ಬರುವುದುಂಟು. ಮಿಂಚಿದರೆ ಎತ್ತರದ ರೈಡ್ ನಿಲ್ಲಿಸುತ್ತಾರೆ, ಟಿಕೆಟಿನ ದುಡ್ಡು ಸಾಮಾನ್ಯವಾಗಿ ವಾಪಸ್ ಬರುವುದಿಲ್ಲ.

ಆದ್ದರಿಂದ ಒಳಗೆ ಹೋದ ಕೂಡಲೇ ಎತ್ತರದ ರೈಡ್‌ಗಳನ್ನು ಮುಗಿಸಿ. ಗೇಟಿನ ಹತ್ತಿರದ ರೈಡಿಗೆ ಎಲ್ಲರೂ ನುಗ್ಗುತ್ತಾರೆ. ನೀವು ಕೊನೆಯಿಂದ ಶುರು ಮಾಡಿ. ತಲೆ ಸುತ್ತಿಸುವ ರೈಡ್ ಊಟಕ್ಕೆ ಮೊದಲು, ನೀರು ಊಟದ ನಂತರ. ನೀರಿನ ವಿಭಾಗ ಪಾರ್ಕಿಗಿಂತ ಒಂದು ಗಂಟೆ ಮೊದಲೇ ಮುಚ್ಚುವುದರಿಂದ ಅದನ್ನು ತೀರಾ ಕೊನೆಗೆ ಉಳಿಸಬೇಡಿ. ಒಣ ಬಟ್ಟೆಯಿಂದ ಒದ್ದೆಗೆ, ಒದ್ದೆಯಿಂದ ಒಣಕ್ಕೆ ಒಂದೇ ಸಲ ಬದಲಿಸಿ, ಪ್ರತಿ ಬದಲಾವಣೆಗೂ ಇಪ್ಪತ್ತು ನಿಮಿಷ ಹೋಗುತ್ತದೆ. ಕ್ಯೂ ಉದ್ದವಾದಾಗ ಅಲೆಗಳ ಕೊಳಕ್ಕೆ ಹೋಗಿ, ಅಲ್ಲಿ ಸಾಲು ನಿಲ್ಲುವ ಕೆಲಸವೇ ಇಲ್ಲ.

ಬಟ್ಟೆ ನೈಲಾನ್ ಅಥವಾ ಪಾಲಿಯೆಸ್ಟರ್ ಇರಲಿ. ಹತ್ತಿ ಬಟ್ಟೆಯ ನೂಲೆಳೆ ಬಿಟ್ಟುಕೊಂಡು ಫಿಲ್ಟರ್ ಕಟ್ಟುತ್ತದೆ, ಒದ್ದೆಯಾದ ಹತ್ತಿ ಜೋತು ಸ್ಲೈಡಿನಲ್ಲಿ ತಡೆಯುತ್ತದೆ, ಜೀನ್ಸಿನ ಗುಂಡಿ ಫೈಬರನ್ನು ಗೀರುತ್ತದೆ. ಅದಕ್ಕಾಗಿಯೇ ಬಿಡುವುದಿಲ್ಲ. ಮರೆತು ಹೋಗಿ ಅಲ್ಲೇ ಕೊಂಡರೆ, ತಲಾ 400 ಎಂದರೂ ನಾಲ್ವರಿಗೆ 1,600 ರೂ. ದಂಡ. ಊರಿನಲ್ಲೇ ಕೊಂಡು ತನ್ನಿ.

140 ಸೆಂ.ಮೀ. ದಾಟದ ಮಕ್ಕಳಿರುವ ಮನೆಗಳಿಗೆ ಪರಶ್ಶಿನಿಕಡವಿನ ವಿಸ್ಮಯ ಪಾರ್ಕ್ ಸಾಕು. ಅದನ್ನು ನಡೆಸುವುದೂ ಒಂದು ಸಹಕಾರಿ ಸಂಸ್ಥೆಯೇ. ಉಡುಪಿಯಿಂದ ಸುಮಾರು 190 ಕಿ.ಮೀ., ಬೆಳಿಗ್ಗೆ 5ಕ್ಕೆ ಹೊರಟು ರಾತ್ರಿ 10ಕ್ಕೆ ವಾಪಸ್. ಘಾಟಿ ಇಲ್ಲ, ರೂಮಿನ ಖರ್ಚಿಲ್ಲ, ಪಕ್ಕದಲ್ಲೇ ಮುತ್ತಪ್ಪನ ಸನ್ನಿಧಿ. ಕೇರಳದ ಪರ್ಮಿಟ್, ತೆರಿಗೆ ಎಲ್ಲ ಮೊದಲೇ ಕಟ್ಟಿರುತ್ತೇವೆ, ತಲಪಾಡಿಯಲ್ಲಿ ಕಾಯಿಸುವುದಿಲ್ಲ. ಇನ್ನೂ ಚಿಕ್ಕ ಮಕ್ಕಳಾದರೆ ನಮ್ಮ ಬಸ್ಸೂ ಬೇಡ: ಮಂಗಳೂರಿನ ಸ್ಟೇಟ್‌ಬ್ಯಾಂಕ್ ಬಸ್ ನಿಲ್ದಾಣದಿಂದ ವಾಮಂಜೂರು ಕಡೆಯ ಬಸ್ಸು ಹಿಡಿದು ಪಿಲಿಕುಳದ ಮಾನಸ ವಾಟರ್ ಪಾರ್ಕಿಗೆ ಹೋಗಿ. ಪಿಲಿಕುಳ ನಿಸರ್ಗಧಾಮಕ್ಕೆ ಸೋಮವಾರ ರಜೆ. ಮೃಗಾಲಯ, ತಾರಾಲಯ ನೋಡುವ ಆಸೆ ಇದ್ದರೆ ಅದನ್ನು ಬಿಟ್ಟು ಬೇರೆ ದಿನ ಇಟ್ಟುಕೊಳ್ಳಿ.

ಬುಕಿಂಗ್: ಬಿಡದಿ ಬಸ್ಸು ಹೊರಡಲು 32 ಸೀಟು ತುಂಬಬೇಕು. ಹಿಂದಿನ ಭಾನುವಾರ ಸಂಜೆಗೆ ತೀರ್ಮಾನವಾಗುತ್ತದೆ. ತುಂಬದಿದ್ದರೆ ಮೂರು ದಿನದಲ್ಲಿ ಪೂರ್ತಿ ದುಡ್ಡು ವಾಪಸ್. ಪಾರ್ಕಿನ ಟಿಕೆಟನ್ನು ಬಸ್ಸು ಖಚಿತವಾದ ಮೇಲೆಯೇ ನಿಮ್ಮ ಹೆಸರಿನಲ್ಲಿ, ಗುಂಪಿನ ದರ ಸಿಕ್ಕಿದರೆ ಆ ದರಕ್ಕೇ ಕೊಳ್ಳುತ್ತೇವೆ. ಪಾರ್ಕಿನ ರಸೀದಿ ಹಾಗೆಯೇ ನಿಮ್ಮ ಕೈಗೆ, ನಮ್ಮ ಸೇವಾ ಶುಲ್ಕ ತಲಾ 40 ರೂ. ಸ್ವಂತ ಕೊಳ್ಳುವವರು ಕೊಳ್ಳಬಹುದು. ಸೀಟು ರದ್ದು ಮಾಡುವುದಿದ್ದರೆ ಏಳು ದಿನ ಮೊದಲು ತಿಳಿಸಿದರೆ ಪೂರ್ತಿ, ಮೂರು ದಿನ ಮೊದಲಾದರೆ ಅರ್ಧ. ಶನಿವಾರದ ಪ್ರವಾಸಕ್ಕೆ ಈಗಾಗಲೇ ಮುಂಗಡ ಕೊಟ್ಟವರು ಹೊಸ ದಿನ ಆರಿಸಬಹುದು, ಇಲ್ಲವೇ ರಸೀದಿ ತಂದು ದುಡ್ಡು ಪಡೆಯಬಹುದು. ಫೋನ್ ಮಾಡುವಾಗ ಮಕ್ಕಳ ಎತ್ತರವನ್ನು ಸೆಂ.ಮೀ.ನಲ್ಲಿ ಬರೆದು ಕೈಯಲ್ಲಿ ಇಟ್ಟುಕೊಳ್ಳಿ, ನಾವು ಮೊದಲು ಕೇಳುವುದು ಅದನ್ನೇ.

ಇತಿ,
ಪ್ರವಾಸ ವಿಭಾಗ, ಉಡುಪಿ