ನೋಟಿಸ್ ಬೋರ್ಡಿನಲ್ಲಿ ಕನ್ನಡವೂ ಇರಲಿ

ಮಾನ್ಯರೇ,

ಪ್ಲಸ್ ಟು ಮುಗಿದಾಗ ಮನೆಯಲ್ಲಿ ಎಲ್ಲರದೂ ಒಂದೇ ಮಾತು: ಮಂಗಳೂರಿಗೆ ಹೋಗು. ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದಿಂದ ದಿನಾ ಗಡಿಯ ತಲಪಾಡಿ ದಾಟಿ ಹೋಗಿಬರುವುದು ಆಗದ ಮಾತು, ಹಾಸ್ಟೆಲ್ಲಿನ ಖರ್ಚು ಕೇಳಿ ಅಪ್ಪ ಅಡಿಕೆ ರಾಶಿಯ ಕಡೆ ನೋಡಿದರು. ಹಾಗಾಗಿ ನಮ್ಮ ಜಿಲ್ಲೆಯದೇ ಒಂದು ಕಾಲೇಜಿಗೆ ಕಾಮರ್ಸ್ ಓದಲು ಸೇರಿದೆ. ಕನ್ನಡ ಎಂಎ ಮಾಡುವವರಿಗಾದರೆ 1957ರಲ್ಲಿ ಆರಂಭವಾದ ಕಾಸರಗೋಡು ಸರಕಾರಿ ಕಾಲೇಜು ಇದೆ, ಅದು ಗಡಿನಾಡಿನ ಭಾಗ್ಯ.

ಹತ್ತನೆಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದ ನನಗೆ ಮಲಯಾಳ ಮಾತನಾಡಲು ಬರುತ್ತದೆ, ಓದಲು ಬರುವುದಿಲ್ಲ. ಕಾಲೇಜಿನ ನೋಟಿಸ್ ಬೋರ್ಡಿನಲ್ಲಿ ಹಚ್ಚಿದ ಕಾಗದದಲ್ಲಿ ನನಗೆ ಅರ್ಥವಾದದ್ದು ತಾರೀಕು ಮಾತ್ರ. ಅದು ಫೀಸು ಕಟ್ಟುವ ಕೊನೆಯ ದಿನವೆಂದು ಗೊತ್ತಾಗುವಾಗ ಎರಡು ದಿನ ಕಳೆದಿತ್ತು, ದಂಡ ಬಿತ್ತು. ಆಫೀಸಿನಲ್ಲಿ ಕೇಳಿದರೆ, "ಗೆಳತಿಯರ ಹತ್ತಿರ ಓದಿಸಬಹುದಿತ್ತಲ್ಲ" ಎಂದರು. ದಂಡದ ರಶೀದಿ ಮಾತ್ರ ಇಂಗ್ಲಿಷಿನಲ್ಲಿತ್ತು!

ಪಾಠದ ಬಗ್ಗೆ ದೂರಿಲ್ಲ. ಅರ್ಥವಾಗದ್ದನ್ನು ಅಧ್ಯಾಪಕರು ಇಂಗ್ಲಿಷಿನಲ್ಲಿ ಮತ್ತೊಮ್ಮೆ ಹೇಳುತ್ತಾರೆ, ಒಬ್ಬರಂತೂ ತುಳುವಿನಲ್ಲೇ ಹೇಳಿಬಿಡುತ್ತಾರೆ.

1969ರ ಕೇರಳ ಅಧಿಕೃತ ಭಾಷಾ ಕಾಯ್ದೆಯ ಪ್ರಕಾರ ಇಲ್ಲಿನ ಕನ್ನಡಿಗರು ಸರಕಾರದೊಂದಿಗೆ ಕನ್ನಡದಲ್ಲೇ ಪತ್ರ ವ್ಯವಹಾರ ಮಾಡಬಹುದು. ಹಾಗಿರುವಾಗ ಫೀಸು, ಪರೀಕ್ಷೆ, ವಿದ್ಯಾರ್ಥಿವೇತನದ ನೋಟಿಸುಗಳ ಕೆಳಗೆ ಎರಡು ಸಾಲು ಕನ್ನಡ ಬರೆಯುವುದು ಕಷ್ಟವೇ? ಬರೆಯುವವರಿಲ್ಲದಿದ್ದರೆ ನಮ್ಮನ್ನು ಕರೆಯಲಿ, ಬರೆದುಕೊಡುತ್ತೇವೆ.

– ಪದವಿ ವಿದ್ಯಾರ್ಥಿನಿ, ಬದಿಯಡ್ಕ